ಒಂದು ಹಿಡಿಗೆ ಎಷ್ಟು ಗ್ರಾಂ

ಇಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಒಂದು ಚೀಟಿ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದುಕೊಂಡ, ಅಂಗೈಯಗಲದ ಚೀಟಿ. ಅದರಲ್ಲಿ ಹೀಗಿತ್ತು: ಒಣಶುಂಠಿ ಒಂದು ಹಿಡಿ. ಕಾಳುಮೆಣಸು ಅರ್ಧ ಹಿಡಿ. ಜೀರಿಗೆ ಒಂದು ಹಿಡಿ, ಸ್ವಲ್ಪ ಚೆಲ್ಲುವಷ್ಟು. ಎಳ್ಳು ಎರಡು ಹಿಡಿ. ಬಾದಾಮಿ ಹಿಡಿಗೆ ಸಿಕ್ಕಷ್ಟು. ಮೆಂತ್ಯ ಕಾಲು ಹಿಡಿ, ಜಾಸ್ತಿಯಾದರೆ ಬಾಣಂತಿ ಮುಖ ತಿರುಗಿಸುತ್ತಾಳೆ. ಉಪ್ಪು ಕಣ್ಣಳತೆ.

ಬಾಣಂತಿ ಪುಡಿ ಮಾಡುವ ವಿಧಾನ ಅದು. ಎರಡು ಚಮಚ ಪುಡಿಯನ್ನು ಬಿಸಿ ಗಂಜಿಗೆ ಬೆರೆಸಿ, ಮೇಲೊಂದು ಬೆಣ್ಣೆ ಉಂಡೆ ತೇಲಿಬಿಟ್ಟು ಕುಡಿಸಿದರೆ ಹೆತ್ತವಳ ಸೊಂಟಕ್ಕೆ ಬಲ, ಕೂಸಿಗೆ ಹಾಲು ಎಂದು ನಾಲ್ಕು ತಲೆಮಾರಿನ ಹೆಂಗಸರು ನಂಬಿಕೊಂಡು ಬಂದ ಪುಡಿ. ಬೇರೆ ಯಾರ ಕೈಗಾದರೂ ಈ ಚೀಟಿ ಸಿಕ್ಕಿದ್ದರೆ ಒಂದು ಗಂಟೆಯಲ್ಲಿ ಡಬ್ಬಿ ತುಂಬುತ್ತಿತ್ತು. ಸಿಕ್ಕಿದ್ದು ತಕ್ಕಡಿ ಸಾಹೇಬರ ಕೈಗೆ.

ತಕ್ಕಡಿ ಸಾಹೇಬರು ಎನ್ನುವುದು ಬೀದಿಯವರು ಇಟ್ಟ ಹೆಸರು. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಹದಿನಾರು ವರ್ಷದಿಂದ ಅಂಗಡಿ ಅಂಗಡಿಯ ಮೆಟ್ಟಿಲು ಹತ್ತಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಜಪ್ತಿ ಮಾಡುವುದು ಅವರ ಕೆಲಸ. ಐದೇ ಐದು ಗ್ರಾಂ ವ್ಯತ್ಯಾಸಕ್ಕೆ ಸಕ್ಕರೆ ಅಂಗಡಿಯವನ ಬೆವರಿಳಿಸಿದ ಮನುಷ್ಯ. ಅವರ ಕಣ್ಣಿಗೆ ಆ ಚೀಟಿ ಅಡುಗೆಯ ವಿಧಾನವಾಗಿ ಕಾಣಲಿಲ್ಲ, ಅಪರಾಧಗಳ ಪಟ್ಟಿಯಾಗಿ ಕಂಡಿತು. ಏಳು ಸಾಮಾನಿಗೆ ಏಳೂ ಮುದ್ರೆಯಿಲ್ಲದ ಅಳತೆ!

"ಹಿಡಿ ಅನ್ನೋದು ಒಂದು ಅಳತೆ ಏನೇ?" ಎಂದು ಅವರು ಹೆಂಡತಿಯನ್ನು ಕೇಳಿದರು. "ಯಾರ ಹಿಡಿ? ಕೊನೇ ಸಲ ಅದನ್ನ ಪರೀಕ್ಷೆ ಮಾಡಿದ್ದು ಯಾವಾಗ?"

"ನಮ್ಮಮ್ಮನ ಹಿಡಿ ರೀ," ಎಂದಳು ಹೆಂಡತಿ, ಮಗ್ಗುಲಲ್ಲಿ ಮಲಗಿದ್ದ ಹನ್ನೊಂದು ದಿನದ ಮಗಳ ಕಿವಿಯ ಮೇಲೆ ಟೋಪಿ ಸರಿಮಾಡುತ್ತಾ. "ಅದನ್ನ ಪರೀಕ್ಷೆ ಮಾಡೋ ಧೈರ್ಯ ಇದುವರೆಗೂ ಯಾರಿಗೂ ಬಂದಿಲ್ಲ."

ಆ ಹಿಡಿಯ ಒಡತಿ ಈಗ ಹಿಡಿಯಲಾರದ ಸ್ಥಿತಿಯಲ್ಲಿದ್ದರು. ಮೊಮ್ಮಗಳು ಹುಟ್ಟುವುದಕ್ಕೆ ಒಂದು ವಾರ ಮುಂಚೆ ಅತ್ತೆ ಹಿತ್ತಿಲ ಮೆಟ್ಟಿಲಿನಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಹತ್ತು ಜನರ ಮುಂದೆ ತಕ್ಕಡಿ ಸಾಹೇಬರು ಎದೆಯುಬ್ಬಿಸಿ ಹೇಳಿದ್ದರು: "ಅತ್ತೆ, ನೀವು ಕೈ ನೋಡ್ಕೊಳ್ಳಿ. ಇವಳ ಬಾಣಂತನ ನಾನೇ ಮಾಡ್ತೀನಿ. ನಂಗೆ ನಲವತ್ತು ದಿನ ರಜೆ ಬಾಕಿ ಇದೆ." ಅತ್ತೆ ನಕ್ಕ ನಗುವಿಗೆ ಅವರ ಕೊರಳಿಗೆ ಕಟ್ಟಿದ್ದ ಪ್ಲಾಸ್ಟರ್ ಕೈ ಉಯ್ಯಾಲೆಯಾಡಿತ್ತು.

ಆದರೆ ನಿಜ ಹೇಳಬೇಕು. ಆ ಮನುಷ್ಯ ಹನ್ನೊಂದು ದಿನ ಬಾಣಂತನ ಮಾಡಿದ ರೀತಿಗೆ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತ್ತು. ಹೆಂಡತಿಯ ಸ್ನಾನದ ನೀರಿಗೆ ಥರ್ಮಾಮೀಟರು. ಬೆಳ್ಳುಳ್ಳಿ ಎಸಳಿಗೆ ಎಣಿಕೆ. ಗೋಡೆಯ ಮೇಲೊಂದು ಪಟ್ಟಿ: ಯಾವಾಗ ಗಂಜಿ, ಯಾವಾಗ ಖರ್ಜೂರದ ಹಾಲು, ಯಾವಾಗ ನಿದ್ದೆ. ನಿದ್ದೆಯ ಹೊತ್ತಿನಲ್ಲಿ ಬಾಗಿಲು ಬಡಿದವರಿಗೆ ನೋಟೀಸು ಕೊಡುವುದೊಂದು ಬಾಕಿ. ಆಸ್ಪತ್ರೆಯಿಂದ ಬರುವಾಗ ಬಿಳಿಚಿಕೊಂಡಿದ್ದ ಹೆಂಡತಿಯ ಮುಖಕ್ಕೆ ಈಗ ಬಣ್ಣ ಬಂದಿತ್ತು. ದಿನಾ ಬೆಳಗ್ಗೆ ಅವಳು ತನ್ನ ಅಕ್ಕನಿಗೆ ಫೋನ್ ಮಾಡಿ, "ನಮ್ಮನೆಯವರ ಥರ ಯಾರೂ ಮಾಡಲ್ಲ ಕಣೇ ಅಕ್ಕ, ನೀರು ಮೂವತ್ತೊಂಬತ್ತು ಡಿಗ್ರಿ ಆಗೋ ತನಕ ನನಗೆ ಮುಟ್ಟೋಕೂ ಬಿಡಲ್ಲ," ಎಂದು ಹೊಗಳುತ್ತಿದ್ದಳು. ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾ ಸಾಹೇಬರು ಒಂದೇ ಪಾತ್ರೆಯನ್ನು ಎರಡೆರಡು ಸಲ ತೊಳೆಯುತ್ತಿದ್ದರು.

ಪುಡಿ ಮಾತ್ರ ಅವರದಾಗಿರಲಿಲ್ಲ. ಕೈ ಮುರಿಯುವ ಮುಂಚೆ ಅತ್ತೆ ಮಾಡಿಟ್ಟಿದ್ದ ಡಬ್ಬಿಯಲ್ಲೇ ಇಷ್ಟು ದಿನ ನಡೆದಿತ್ತು. ಇವತ್ತು ಬೆಳಗಿನ ಗಂಜಿಗೆ ಅದರ ತಳ ಕಂಡಿತು. ಎಂಟು ಗಂಟೆಗೆ ಫೋನ್ ಬಂತು.

"ಅಳಿಯಂದ್ರೇ, ಡಬ್ಬಿ ಖಾಲಿ ಆಯ್ತಂತೆ?"

"ಈಗ ತಾನೇ ಆಯ್ತು ಅತ್ತೆ."

"ಸಂಜೆ ಐದಕ್ಕೆ ಬರ್ತೀನಿ. ಹೊಸ ಪುಡಿ ಹಾಕಿದ ಗಂಜಿ ನನ್ನ ಮುಂದೆ ಇರ್ಬೇಕು. ಹದವಾಗಿದ್ರೆ ಸರಿ. ಇಲ್ಲಾಂದ್ರೆ ಮಗಳು ಮೊಮ್ಮಗಳು ಇಬ್ರನ್ನೂ ಕರ್ಕೊಂಡು ಬಂದ್ಬಿಡ್ತೀನಿ. ಹೇಗೂ ಇಲ್ಲಿ ದೊಡ್ಡೋಳಿಗೂ ಹೆರಿಗೆಯಾಗಿ ಐದು ದಿನ ಆಯ್ತು. ಅಡುಗೆಗೆ ಇಟ್ಕೊಂಡಿರೋಳಿಗೆ ಒಲೆ ಹಚ್ಚೋದೊಂದು ಬಿಟ್ಟು ಏನೂ ಗೊತ್ತಿಲ್ಲ. ನಾನು ಪಕ್ಕದಲ್ಲಿ ನಿಂತು ಬೈದು ಬೈದು ಇಬ್ರದ್ದೂ ಒಂದೇ ಒಲೆ ಮೇಲೆ ಮಾಡಿಸ್ತೀನಿ."

"ಎಷ್ಟು ದಿನಕ್ಕೆ ಅತ್ತೆ?"

"ಮೂರು ತಿಂಗಳು. ಟ್ಯಾಕ್ಸಿಯವನಿಗೆ ಹೋಗಿ ಬರೋದಕ್ಕೇ ಹೇಳಿದ್ದೀನಿ. ಬಂದ ಟ್ಯಾಕ್ಸಿ ಖಾಲಿ ವಾಪಸ್ ಹೋಗಲ್ಲ, ತಿಳ್ಕೊಳ್ಳಿ."

ಸಾಹೇಬರು ತೊಟ್ಟಿಲ ಕಡೆ ನೋಡಿದರು. ಮಗಳು ನಿನ್ನೆಯಷ್ಟೇ ಅವರ ತೋರುಬೆರಳನ್ನು ಹಿಡಿದುಕೊಂಡು ಬಿಡದೆ ನಿದ್ದೆ ಹೋಗಿದ್ದಳು. ಮೂರು ತಿಂಗಳಲ್ಲಿ ಅವಳು ನಗಲು ಕಲಿಯುತ್ತಾಳೆ, ಕತ್ತು ನಿಲ್ಲಿಸುತ್ತಾಳೆ, ಮಗ್ಗುಲಾಗಲು ಹೆಣಗುತ್ತಾಳೆ. ಅದನ್ನೆಲ್ಲ ಬೇರೆ ಯಾರೋ ನೋಡುತ್ತಾರೆ. ಈ ಯೋಚನೆ ಅವರಿಗೆ ಸಹಿಸಲಾಗಲಿಲ್ಲ.

"ಅತ್ತೆ, ಒಂದೇ ಒಂದು ವಿಷಯ ಹೇಳಿ. ಒಂದು ಹಿಡಿ ಅಂದ್ರೆ ಎಷ್ಟು ಗ್ರಾಂ?"

"ಹಿಡಿ ಅಂದ್ರೆ ಹಿಡಿ."

"ನೀವು ಒಂದ್ಸಲ ಎಳ್ಳು ಹಿಡಿದು, ಪಕ್ಕದ ಅಂಗಡೀಲಿ ತೂಗಿಸಿ..."

"ನನ್ನ ಕೈ ಪ್ಲಾಸ್ಟರಲ್ಲಿದೆ ಅಳಿಯಂದ್ರೇ."

"ಎಡಗೈ ಇದ್ಯಲ್ಲ?"

"ಎಡಗೈಲಿ ಯಾರಾದ್ರೂ ಬಾಣಂತಿ ಪುಡಿ ಮಾಡ್ತಾರಾ?" ಎಂದು ಅತ್ತೆ ಫೋನ್ ಇಟ್ಟರು.

ಸಾಹೇಬರು ಬೀರುವಿನಿಂದ ತಮ್ಮ ತಪಾಸಣೆಯ ತಕ್ಕಡಿಯನ್ನು ಇಳಿಸಿದರು. ಅಂಗೈ ಮೇಲೆ ಹೊತ್ತೊಯ್ಯುವಷ್ಟು ಚಿಕ್ಕದು, ಒಂದು ಕಾಳಿನ ತೂಕವನ್ನೂ ತೋರಿಸುವಂಥದ್ದು. ಮೊದಲು ತಮ್ಮ ಕೈಯನ್ನೇ ಪರೀಕ್ಷಿಸಿದರು. ಒಂದು ಹಿಡಿ ಎಳ್ಳು: ಮೂವತ್ತಮೂರು ಗ್ರಾಂ. ಇನ್ನೊಮ್ಮೆ: ಮೂವತ್ತೊಂಬತ್ತು. ಮತ್ತೊಮ್ಮೆ: ಮೂವತ್ತಾರು. ಸಾಹೇಬರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅದೇ ಕೈ, ಅದೇ ಎಳ್ಳು, ಆರು ಗ್ರಾಂ ವ್ಯತ್ಯಾಸ! ಐದು ಗ್ರಾಂಗೆ ಅಂಗಡಿ ಮುಚ್ಚಿಸಿದವರು ಅವರು. ಇಲಾಖೆಯ ನಿಯಮದ ಪ್ರಕಾರ ಆ ಕೈಯನ್ನು ಆಗಲೇ ಜಪ್ತಿ ಮಾಡಬೇಕಿತ್ತು.

ಒಂಬತ್ತು ಗಂಟೆಗೆ ಕೆಳಮನೆಯ ನರ್ಸಮ್ಮ ಎಂದಿನಂತೆ ಮಗುವಿಗೆ ಸ್ನಾನ ಮಾಡಿಸಲು ಬಂದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಬೀದಿಯ ಯಾವ ಮನೆಗೂ ಬಾಗಿಲು ಬಡಿಯದೆ ಒಳಗೆ ಬರುವ ಅಧಿಕಾರ ಅವರಿಗಿತ್ತು, ಅದನ್ನು ಅವರಿಗೆ ಕೊಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

"ಇದೇನಪ್ಪಾ, ಅಡುಗೆಮನೆಯಲ್ಲಿ ಕೋರ್ಟ್ ನಡೆಸ್ತಿದ್ದೀಯಾ?"

ಸಾಹೇಬರು ಕಷ್ಟ ಹೇಳಿಕೊಂಡರು.

"ಹಿಡಿ ಅಂದ್ರೆ ಹೆಂಗಸಿನ ಹಿಡಿ. ನಿನ್ನ ಕೈಯನ್ನ ಯಾರು ಕೇಳಿದ್ರು? ತಾ ಇಲ್ಲಿ," ಎಂದು ನರ್ಸಮ್ಮ ಎಳ್ಳಿಗೆ ಕೈ ಹಾಕಿದರು. ಇಪ್ಪತ್ತೇಳು ಗ್ರಾಂ.

ಅಷ್ಟರಲ್ಲಿ ಮಹಡಿಯ ಮೇಲಿನ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಇಳಿದು ಬಂದಳು. "ನರ್ಸಮ್ಮನ ಕೈ ಸೂಜಿ ಚುಚ್ಚೋ ಕೈ. ಅಡುಗೆ ಮಾಡೋ ಕೈ ಬೇಕು ಅಣ್ಣ," ಎಂದು ತಾನೂ ಒಂದು ಹಿಡಿ ತೆಗೆದಳು. ಮೂವತ್ತೊಂದು. ಬ್ರೆಡ್ಡು ಕೊಡಲು ಬಂದ ಮೂಲೆಯಂಗಡಿಯ ಬೇಕರಿಯಣ್ಣ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ದಿನಕ್ಕೆ ಮೂಟೆಗಟ್ಟಲೆ ಹಿಟ್ಟು ನಾದುವ ಅವನ ಕೈ ಮೊರದಗಲ. "ಸಾರ್, ಹಿಡಿ ಅಂದ್ರೆ ಹಿಡಿ ಥರ ಇರ್ಬೇಕು," ಎಂದು ಡಬ್ಬಕ್ಕೆ ಕೈ ಇಳಿಸಿದ. ಅರವತ್ತೆಂಟು. ಡಬ್ಬದಲ್ಲಿ ಉಳಿದದ್ದು ಬಹಳ ಕಡಿಮೆ.

ಯಾರ ಕೈ ಸರಿ ಎಂಬ ಚರ್ಚೆ ಹತ್ತೂವರೆಯವರೆಗೂ ನಡೆಯಿತು. ನರ್ಸಮ್ಮ ತಾನು ನೋಡಿದ ಹೆರಿಗೆಗಳ ಸಂಖ್ಯೆ ಹೇಳಿದರು. ಟೈಲರಮ್ಮ ತಾನೇ ಹೆತ್ತ ಮೂವರನ್ನು ಮುಂದೆ ಮಾಡಿದಳು. ಬೇಕರಿಯಣ್ಣ ಹೆತ್ತವನಲ್ಲ, ಆದರೂ ಬಿಟ್ಟುಕೊಡಲಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಸಾಹೇಬರು ಕೊನೆಗೆ ಸರ್ಕಾರಿ ಪರಿಹಾರ ಕಂಡುಹಿಡಿದರು: ನಾಲ್ಕೂ ಕೈಗಳ ಸರಾಸರಿ. ಕಾಗದದ ಮೇಲೆ ಕೂಡಿ, ನಾಲ್ಕರಿಂದ ಭಾಗಿಸಿ, ಎರಡು ಗೆರೆ ಎಳೆದರು. "ಒಂದು ಹಿಡಿ ಅಂದ್ರೆ ನಲವತ್ತೂವರೆ ಗ್ರಾಂ!"

ಒಳಗಿನಿಂದ ಹೆಂಡತಿ ಕೇಳಿದಳು, "ಅದು ಯಾರ ಕೈ ರೀ?"

"ಯಾರದೂ ಅಲ್ಲ. ಎಲ್ಲರದೂ."

ಬೇಕರಿಯಿಂದ ಇನ್ನಷ್ಟು ಎಳ್ಳು ಬಂತು. ಶುಂಠಿ ನಲವತ್ತೂವರೆ, ಜೀರಿಗೆ ನಲವತ್ತೂವರೆ, ಬಾದಾಮಿ ನಲವತ್ತೂವರೆ, ಮೆಣಸು ಇಪ್ಪತ್ತೂಕಾಲು. ಒಂದೊಂದು ಕಾಳನ್ನೂ ಚಿಮುಟದಲ್ಲಿ ಹಾಕಿ ತೆಗೆದು ತೂಕ ಸರಿಮಾಡುವುದರಲ್ಲಿ ಹನ್ನೊಂದೂವರೆಯಾಯಿತು. "ಹುರಿಯೋದು ನಮ್ಮ ಓವನ್ನಿಗೆ ಬಿಡಿ ಸಾರ್. ಎಲ್ಲಾ ಒಂದೇ ಟ್ರೇ, ಹತ್ತೇ ನಿಮಿಷ. ಕುಟ್ಟಿ ಕೂಡ ಕೊಡ್ತೀನಿ," ಎಂದು ಬೇಕರಿಯಣ್ಣ ಎಲ್ಲವನ್ನೂ ಹೊತ್ತುಕೊಂಡು ಹೋದ. ಸಾಹೇಬರು ಉಸಿರು ಬಿಟ್ಟು ಮಗಳ ಬಟ್ಟೆ ಒಗೆಯಲು ಕೂತರು.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಒಂದು ಗಂಟೆಗೆ ಬೇಕರಿಯಣ್ಣ ಖಾಲಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತ. ಮುಖ ಮಾತ್ರ ಬೆಳಗುತ್ತಿತ್ತು.

"ಸಾರ್, ಒಂದು ಸಣ್ಣ ಎಡವಟ್ಟಾಯ್ತು. ನಾನು ಕುಟ್ಟಿ ಬನ್ನಿನ ಪಕ್ಕ ಇಟ್ಟಿದ್ದೆ. ನಮ್ಮ ಭಾವಮೈದ ಏನೋ ಹೊಸಾ ಐಟಂ ಅಂದ್ಕೊಂಡು ಬನ್ನಿನ ಮೇಲೆ ಉದುರಿಸ್ಬಿಟ್ಟ."

"ಎಷ್ಟು ಬನ್ನಿನ ಮೇಲೆ?"

"ಅರವತ್ತು. ಎಲ್ಲಾ ಖರ್ಚಾಯ್ತು ಸಾರ್! ಬಸ್ ಸ್ಟಾಪಿನ ಗಂಡಸರೆಲ್ಲ ತಿಂದು, ಬೆವರು ಒರೆಸ್ಕೊಂಡು, ಇನ್ನೊಂದು ಕೊಡು ಅಂತಿದ್ದಾರೆ. ಒಬ್ಬರಿಗೆ ಹಳೇ ಸೊಂಟನೋವು ಬಿಟ್ಟೇಹೋಯ್ತಂತೆ."

ಸಾಹೇಬರು ಗೋಡೆಗೆ ಒರಗಿದರು. "ರುಚಿ ಹೇಗಿತ್ತಂತೆ?"

"ಅದೇ ಸಾರ್, ಸ್ವಲ್ಪ ಖಾರ. ಕಣ್ಣಲ್ಲಿ ನೀರು ಬಂತಂತೆ. ಮೇಲೆ ಸ್ವಲ್ಪ ಕಹಿ."

ಅಂದರೆ ಸರಾಸರಿಯೂ ಕೈಕೊಟ್ಟಿತು. ಗಂಡಸರ ಕಣ್ಣಲ್ಲೇ ನೀರು ತರಿಸಿದ ಪುಡಿಯನ್ನು ಬಾಣಂತಿಗೆ ಹೇಗೆ ಕೊಡುವುದು? ಅತ್ತೆಯ ಟ್ಯಾಕ್ಸಿ ಎರಡೂವರೆ ಗಂಟೆಯ ದಾರಿ. ಈ ಹೊತ್ತಿಗೆ ಅವರು ಸೀರೆಯೋ ಚಪ್ಪಲಿಯೋ ಹುಡುಕುತ್ತಿರಬೇಕು. ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು.

ಆಗ ಟೈಲರಮ್ಮ ಮಹಡಿಯಿಂದ ದಡದಡನೆ ಇಳಿದು ಬಂದಳು. ಕೈಯಲ್ಲಿ ಎಣ್ಣೆ ಹತ್ತಿದ ಒಂದು ದಪ್ಪ ಪುಸ್ತಕ.

"ಅಣ್ಣ! ನಿಮ್ಮ ಮದುವೆ ಹೊತ್ತಲ್ಲಿ ನಿಮ್ಮತ್ತೆಗೆ ಉಣ್ಣೆ ಕೋಟು ಹೊಲಿದು ಕೊಟ್ಟಿದ್ದು ನಾನೇ ಅಲ್ವಾ? ತುಂಬುತೋಳಿನದ್ದು. ಇಲ್ಲಿ ನೋಡಿ, ಬಲ ಮಣಿಕಟ್ಟು: ಆರೂವರೆ ಇಂಚು. ಕೈ ಗಾತ್ರ ಮಣಿಕಟ್ಟಲ್ಲೇ ಗೊತ್ತಾಗುತ್ತೆ. ಆರೂವರೆ ಇಂಚಿನ ಕೈ ಸಿಕ್ರೆ ನಿಮ್ಮತ್ತೆ ಹಿಡಿ ಸಿಕ್ಕಂಗೆ!"

ಸಾಹೇಬರು ಎದ್ದು ನಿಂತರು. ಲಿಖಿತ ದಾಖಲೆ! ಅಳತೆ, ತಾರೀಖು, ಟೈಲರಮ್ಮನ ಸಹಿ. ಬೆಳಗಿನಿಂದ ಮೊದಲ ಬಾರಿಗೆ ಅವರ ಇಲಾಖೆ ಒಪ್ಪುವಂಥ ಮಾತು ಕಿವಿಗೆ ಬಿದ್ದಿತ್ತು.

ಟೇಪು ಬೀದಿಗಿಳಿಯಿತು. ನರ್ಸಮ್ಮ ಐದೂಮುಕ್ಕಾಲು. ಟೈಲರಮ್ಮ ಆರು. ಬೇಕರಿಯಣ್ಣನ ಮಣಿಕಟ್ಟಿಗೆ ಟೇಪು ಸುತ್ತಿ ಯಾರೂ ಬಾಯಿ ಬಿಟ್ಟು ಓದಲಿಲ್ಲ. ಹೂವಿನ ಕುಂಡ ಮಾರುವವಳು ಏಳು. ಟಪಾಲು ಹಂಚಲು ಬಂದವಳು, "ನಂಗೇನು ಬಳೆ ಕೊಡ್ತೀರಾ?" ಎಂದು ಆಸೆಯಿಂದ ಕೈ ಚಾಚಿದಳು, ಆರೂಕಾಲು. ಎದುರುಮನೆಯ ಪಿಂಚಣಿದಾರರು ಕರೆಯದಿದ್ದರೂ ಬಂದು ಕೈ ನೀಡಿ, ಆರಕ್ಕೆ ನಪಾಸಾಗಿ, ಟೇಪೇ ಸರಿಯಿಲ್ಲ ಎಂದು ಜಗಳ ತೆಗೆದರು. ಸಾಹೇಬರು ತಮ್ಮ ಜೇಬಿನಿಂದ ಇಲಾಖೆಯ ಉಕ್ಕಿನ ಅಳತೆಪಟ್ಟಿ ತೆಗೆದು ಟೇಪನ್ನು ಪರೀಕ್ಷಿಸಿ ತೋರಿಸಬೇಕಾಯಿತು. ಅದರಲ್ಲಿ ಹದಿನೈದು ನಿಮಿಷ ಹೋಯಿತು.

ಎರಡೂವರೆಗೆ ಎಲ್ಲರೂ ಸೋತು ಮೆಟ್ಟಿಲ ಮೇಲೆ ಕೂತಿದ್ದಾಗ, ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಹೆಂಡತಿ ಕೇಳಿದಳು, "ಅಲ್ಲಾ, ಬೀದಿಯವರ ಕೈಯನ್ನೆಲ್ಲ ಅಳೆದ್ರಿ. ಇವರ ಕೈ ಅಳೆದ್ರಾ?"

ಟೈಲರಮ್ಮ ಸಾಹೇಬರ ಬಲಗೈಯನ್ನು ಎಳೆದುಕೊಂಡು ಟೇಪು ಸುತ್ತಿದಳು. ನೋಡಿದಳು. ಬಿಚ್ಚಿ, ಮತ್ತೆ ಸುತ್ತಿ ನೋಡಿದಳು.

"ಆರೂವರೆ! ಕೂದಲೆಳೆಯಷ್ಟೂ ಆ ಕಡೆ ಈ ಕಡೆ ಇಲ್ಲ!"

ನರ್ಸಮ್ಮ ಚಪ್ಪಾಳೆ ತಟ್ಟಿದರು. ಬೆಳಗ್ಗೆ ಜಪ್ತಿಗೆ ಯೋಗ್ಯವಾಗಿದ್ದ ಕೈಯನ್ನು ಸಾಹೇಬರು ಈಗ ಹೊಸದಾಗಿ ನೋಡಿಕೊಂಡರು. ಆದರೂ ಹಳೇ ರೋಗ ಬಿಡಬೇಕಲ್ಲ. "ಆದ್ರೆ ಈ ಕೈ ಒಂದೊಂದು ಸಲ ಒಂದೊಂದು ತೂಕ ತೋರಿಸುತ್ತೆ," ಎಂದರು ಸಣ್ಣ ದನಿಯಲ್ಲಿ.

"ರೀ, ಆ ತಕ್ಕಡಿ ಎತ್ತಿ ಬೀರು ಒಳಗಿಡಿ," ಎಂದಳು ಹೆಂಡತಿ. "ಚೀಟಿಯಲ್ಲಿ ಇರೋ ಹಾಗೆ ಕೈ ಹಾಕಿ. ನಾನು ಇಲ್ಲೇ ಕೂತು ಹೇಳ್ತೀನಿ. ಹನ್ನೊಂದು ದಿನ ಆ ಪುಡಿ ಕುಡಿದೋಳು ನಾನು, ನೀವೂ ಅಲ್ಲ, ಬೇಕರಿಯಣ್ಣನೂ ಅಲ್ಲ."

ಅವಳು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಳು. ಸಾಹೇಬರು ಸಣ್ಣ ಉರಿಯಲ್ಲಿ ಬಾಣಲೆ ಇಟ್ಟರು. ಬೇಕರಿಯಣ್ಣನ ಹಾಗೆ ಎಲ್ಲವನ್ನೂ ಒಟ್ಟಿಗೆ ಸುರಿಯಲಿಲ್ಲ. ಒಂದೊಂದನ್ನೇ ಬೇರೆ ಬೇರೆ ಹುರಿದರು. "ಎಳ್ಳು ಮೊದಲನೇ ಸಲ ಸಿಡಿದ ತಕ್ಷಣ ಇಳಿಸಿ," ಎಂದಳು ಹೆಂಡತಿ. ಇಳಿಸಿದರು. "ಮೆಂತ್ಯ ಕಪ್ಪಾಗೋದು ಬೇಡ, ಕಂದು ತಿರುಗ್ಬೇಕು ಅಷ್ಟೇ." ಕಂದು ತಿರುಗಿತು. ಶುಂಠಿಯ ಘಮ ಎದ್ದಾಗ ಅವಳು ಕಣ್ಣು ಮುಚ್ಚಿ ಮೂಗರಳಿಸಿದಳು. ಮಗಳು ಒಂದು ಸಲ ಸೀನಿ ಮತ್ತೆ ನಿದ್ದೆ ಹೋದಳು. ಒಂದೂವರೆ ಗಂಟೆ ಆ ಮನುಷ್ಯ ಒಲೆಯ ಮುಂದಿನಿಂದ ಅಲ್ಲಾಡಲಿಲ್ಲ. ತೂಕದ ಮುಳ್ಳನ್ನು ನೋಡುತ್ತಿದ್ದ ಅದೇ ಕಣ್ಣು ಈಗ ಕಾಳಿನ ಬಣ್ಣವನ್ನು ನೋಡುತ್ತಿತ್ತು, ಒಂದು ಕಾಳೂ ಕಪ್ಪಾಗಲಿಲ್ಲ.

ನಾಲ್ಕೂಕಾಲಿಗೆ ಕುಟ್ಟಿದ ಪುಡಿ ಡಬ್ಬಿಗೆ ಬಿತ್ತು. ಎರಡು ಚಮಚ ಗಂಜಿಗೆ ಹೋಯಿತು. ಹೆಂಡತಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು. ಸಾಹೇಬರು ಸೌಟು ಹಿಡಿದು ನಿಂತೇ ಇದ್ದರು. ಬಟ್ಟಲು ಖಾಲಿಯಾದ ಮೇಲೆ ನೋಡಿದರೆ ಅವಳ ಕಣ್ಣಂಚು ಒದ್ದೆ.

"ಖಾರ ಆಯ್ತೇನೇ?"

"ಇಲ್ಲಾ ರೀ. ಅಮ್ಮ ಮಾಡಿದಂಗೇ ಇದೆ. ಇನ್ನೊಂದು ಬಟ್ಟಲು ಕೊಡಿ."

ತಕ್ಕಡಿ ಸಾಹೇಬರು ಜೀವಮಾನದಲ್ಲಿ ಸಾವಿರಾರು ಬಟ್ಟುಗಳಿಗೆ ಮುದ್ರೆ ಒತ್ತಿದ್ದರು. ಅವರಿಗೇ ಯಾರೋ ಮುದ್ರೆ ಒತ್ತಿದ್ದು ಅದೇ ಮೊದಲು. ಅವರಿಗೆ ಹೆಮ್ಮೆಯೆನಿಸಿತು, ಬಾಯಿಬಿಟ್ಟು ಹೇಳಿಕೊಳ್ಳುವಷ್ಟು ಹೆಮ್ಮೆಯೆನಿಸಿತು. ಆದರೆ "ಬೆಣ್ಣೆ ಇನ್ನೊಂದು ಚೂರು ಹಾಕ್ಲಾ?" ಎಂದು ಕೇಳಿದರು.

ಸರಿಯಾಗಿ ಐದಕ್ಕೆ ಟ್ಯಾಕ್ಸಿ ಬಂತು. ಪ್ಲಾಸ್ಟರ್ ಕೈಯನ್ನು ಮುಂದಿಟ್ಟುಕೊಂಡು ಅತ್ತೆ ಇಳಿದರು. ಹಿಂದೆಯೇ ಡ್ರೈವರು ಅವರ ಚೀಲ ಹಿಡಿದು ಬಂದ. ನರ್ಸಮ್ಮ, ಟೈಲರಮ್ಮ, ಬೇಕರಿಯಣ್ಣ ಮೂವರೂ ಏನೋ ಕೆಲಸವಿದ್ದವರಂತೆ ಬಾಗಿಲಲ್ಲಿ ಸೇರಿಕೊಂಡರು.

ಅತ್ತೆಯ ತಪಾಸಣೆ ಇಲಾಖೆಯ ತಪಾಸಣೆಗಿಂತ ಬಿಗಿಯಾಗಿತ್ತು. ಮಗಳ ಪಾದ ಮುಟ್ಟಿ ಬೆಚ್ಚಗಿದೆಯೇ ನೋಡಿದರು. ಮೊಮ್ಮಗಳ ಕತ್ತಿನ ಮಡಿಕೆ ಬಿಡಿಸಿ ನೋಡಿದರು. ಗೋಡೆಯ ಪಟ್ಟಿಯನ್ನು ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಓದಿದರು. ಕುಡಿಯುವ ನೀರಿನ ಹೂಜಿಯ ಮುಚ್ಚಳ ತೆಗೆದು ಮೂಸಿದರು. ಆಮೇಲೆ ಕೂತು, ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಬಾಯಿಗಿಟ್ಟರು. ಬಾಗಿಲಲ್ಲಿದ್ದ ಮೂವರೂ ಕತ್ತು ಚಾಚಿದರು.

"ಈ ಪುಡಿ ಯಾರು ಮಾಡಿದ್ದು?"

"ನಾನೇ ಅತ್ತೆ. ಹಿಡಿ ಕೂಡ ಸರಿಯಾದ ಹಿಡಿ," ಎಂದು ಸಾಹೇಬರು ಒಂದೇ ಉಸಿರಿಗೆ ಶುರುಮಾಡಿದರು. "ನಿಮ್ಮ ಮಣಿಕಟ್ಟು ಆರೂವರೆ ಇಂಚು, ಟೈಲರಮ್ಮನ ಪುಸ್ತಕದಲ್ಲಿದೆ. ಇಡೀ ಬೀದಿ ಅಳೆದ್ವಿ. ನಂದೂ ಆರೂವರೆ. ಅದಕ್ಕೇ ರುಚಿ ಕೂತಿದೆ."

ಅತ್ತೆ ಚಮಚ ಕೆಳಗಿಟ್ಟು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

"ಅಯ್ಯೋ ಮಾರಾಯರೇ, ಯಾರ ಹಿಡಿ ಆದ್ರೇನು? ಶುಂಠಿ ಹಾಕಿದ ಕೈಯಲ್ಲೇ ಎಳ್ಳೂ ಹಾಕಿದ್ರೆ ಸರಿ. ದೊಡ್ಡ ಕೈ ಆದ್ರೆ ಡಬ್ಬಿ ತುಂಬಾ ಆಗುತ್ತೆ, ಸಣ್ಣ ಕೈ ಆದ್ರೆ ಅರ್ಧ ಡಬ್ಬಿ. ಅಷ್ಟೇ ತಾನೇ?"

ಬೇಕರಿಯಣ್ಣ ಮೊರದಗಲದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಟೈಲರಮ್ಮ ಟೇಪನ್ನು ಮೆಲ್ಲಗೆ ಸುರುಳಿ ಸುತ್ತತೊಡಗಿದಳು. ಸಾಹೇಬರ ಕಿವಿ ಕೆಂಪಾಯಿತು. ನಾಲ್ಕು ಕೈ, ಒಂದು ಸರಾಸರಿ, ಅರವತ್ತು ಬನ್ನು, ಇಷ್ಟೆಲ್ಲ ಮಾಡಿದ್ದು ಒಂದನೇ ತರಗತಿಯ ಲೆಕ್ಕ ತಿಳಿಯದೆ!

"ಹಿಡಿ ಯಾರಿಗಾದ್ರೂ ಬರುತ್ತೆ," ಎಂದು ಅತ್ತೆ ಎದ್ದು ಹತ್ತಿರ ಬಂದರು. "ಹದ ಬರಲ್ಲ. ನಾನು ಕೇಳಿದ್ದು ಹುರಿದಿದ್ದು ಯಾರು ಅಂತ."

"ಅದೂ ನಾನೇ."

"ಒಂದೊಂದೇ ಬೇರೆ ಬೇರೆ?"

"ಹೌದು ಅತ್ತೆ. ಸಣ್ಣ ಉರೀಲಿ."

ಅತ್ತೆ ಅಳಿಯನ ಬಲಗೈಯನ್ನು ತಮ್ಮ ಎಡಗೈಯಲ್ಲಿ ಹಿಡಿದು, ಅಂಗೈ ನಡುವೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿದರು. "ನನ್ನ ಅತ್ತೆ ನನಗೆ ಹೀಗೆ ಹೇಳೋಕೆ ಒಂಬತ್ತು ವರ್ಷ ತಗೊಂಡ್ರು. ನಿಮಗೆ ಹನ್ನೊಂದೇ ದಿನಕ್ಕೆ ಹೇಳ್ತಿದ್ದೀನಿ. ನನ್ನ ಮಗಳನ್ನ ಇಷ್ಟು ಚೆನ್ನಾಗಿ ನೋಡ್ಕೊಳ್ಳೋಕೆ ನನ್ನ ಕೈಲೂ ಆಗ್ತಿರ್ಲಿಲ್ಲ. ಇವಳು ಎಲ್ಲೂ ಬರೋದಿಲ್ಲ. ಇಲ್ಲೇ ಇರ್ಲಿ."

ನರ್ಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೆಂಡತಿಯ ಮುಖ ನೋಡಬೇಕಿತ್ತು! ಸಾಹೇಬರು ಮಗಳ ಕಡೆ ತಿರುಗಿದರು. ನಗು, ಕತ್ತು ನಿಲ್ಲುವುದು, ಮಗ್ಗುಲಾಗುವುದು, ಎಲ್ಲ ಇನ್ನು ತಮ್ಮ ಕಣ್ಣೆದುರೇ.

"ಸರಿ, ಎರಡು ಜೊತೆ ಬಟ್ಟೆ ತಗೊಳ್ಳಿ," ಎಂದರು ಅತ್ತೆ.

"ಯಾರ ಬಟ್ಟೆ ಅತ್ತೆ?"

"ನಿಮ್ಮದೇ. ಅಲ್ಲಿ ನನ್ನ ದೊಡ್ಡ ಮಗಳು ಐದು ದಿನದಿಂದ ಹೊತ್ತಿದ ಗಂಜಿ ಕುಡೀತಿದ್ದಾಳೆ. ಅವಳ ಗಂಡನಿಗೆ ನೀರು ಕಾಯಿಸೋಕೂ ಬರಲ್ಲ. ಇವಳು ದಿನಾ ಫೋನಲ್ಲಿ ನಮ್ಮನೆಯವರು ಹಾಗೆ, ನಮ್ಮನೆಯವರು ಹೀಗೆ ಅಂತ ಹೇಳೋದು ಕೇಳಿ ಕೇಳಿ ಅವಳು ಅಳ್ತಿದ್ದಾಳೆ. ನಿಮ್ಮದು ನಲವತ್ತರಲ್ಲಿ ಹನ್ನೊಂದು ದಿನ ಆಯ್ತು. ಇನ್ನು ಇಪ್ಪತ್ತೊಂಬತ್ತು ಇದೆ."

"ಮತ್ತೆ ಇಲ್ಲಿ?" ಸಾಹೇಬರು ಗೋಡೆಯ ಪಟ್ಟಿಯ ಕಡೆ ನೋಡಿದರು.

"ಇಲ್ಲಿ ನಾನಿರ್ತೀನಿ. ನೀವು ಡಬ್ಬಿ ತುಂಬಿಸಿದ್ದೀರಿ, ಗೋಡೆ ಮೇಲೆ ಪಟ್ಟಿ ಹಾಕಿದ್ದೀರಿ. ಗಂಜಿಗೆ ಎರಡು ಚಮಚ ಪುಡಿ ಹಾಕೋಕೆ ನನ್ನ ಎಡಗೈ ಸಾಕು."

"ಸ್ನಾನ ನಾನು ಮಾಡಿಸ್ತೀನಿ," ಎಂದರು ನರ್ಸಮ್ಮ. "ಬಟ್ಟೆ ನಾನು ಒಗೀತೀನಿ," ಎಂದಳು ಟೈಲರಮ್ಮ. "ಬ್ರೆಡ್ಡು ನಾನು ತರ್ತೀನಿ," ಎಂದ ಬೇಕರಿಯಣ್ಣ. ಬೆಳಗಿನಿಂದ ಒಂದು ವಿಷಯಕ್ಕೂ ಒಮ್ಮತಕ್ಕೆ ಬಾರದ ಬೀದಿ ಸಾಹೇಬರನ್ನು ಕಳಿಸುವ ವಿಷಯದಲ್ಲಿ ಒಂದಾಗಿಬಿಟ್ಟಿತು.

ಸಾಹೇಬರು ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದರು. ಅವಳ ಮುಖ ಹೆಮ್ಮೆಯಿಂದ ಅರಳಿಕೊಂಡಿತ್ತು.

"ಹೋಗ್ಬನ್ನಿ ರೀ. ನಮ್ಮಕ್ಕನೂ ನೋಡ್ಲಿ, ನನ್ನ ಗಂಡ ಎಂಥೋರು ಅಂತ."

ಈ ಮಾತಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿಲ್ಲ. ಹತ್ತು ನಿಮಿಷದಲ್ಲಿ ಸಾಹೇಬರು ಬಾಗಿಲಿಗೆ ಬಂದರು, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಥರ್ಮಾಮೀಟರು. ತೊಟ್ಟಿಲ ಮೇಲೆ ಬಾಗಿದರೆ ಮಗಳು ಅವರ ತೋರುಬೆರಳನ್ನು ಹಿಡಿದುಕೊಂಡಳು. ಆ ಪುಟ್ಟ ಹಿಡಿಯನ್ನು ಅವರು ತಾವಾಗಿ ಬಿಡಿಸಲಿಲ್ಲ. ಅತ್ತೆ ಬಂದು, "ಡ್ರೈವರು ಕಾಯ್ತಿದ್ದಾರೆ," ಎಂದು ಬಿಡಿಸಬೇಕಾಯಿತು.

ಹೇಳಿದ ಹಾಗೆಯೇ, ಬಂದ ಟ್ಯಾಕ್ಸಿ ಖಾಲಿ ವಾಪಸ್ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಸಾಹೇಬರು ಕಿಟಕಿಯಿಂದ ತಿರುಗಿ ನೋಡಿದರು. ಬಾಗಿಲಲ್ಲಿ ಇಡೀ ಬೀದಿ ಕೈ ಬೀಸುತ್ತಿತ್ತು, ಸಣ್ಣ ಕೈ, ದೊಡ್ಡ ಕೈ, ಪ್ಲಾಸ್ಟರ್ ಕೈ. ಎದೆಯುಬ್ಬುವಂಥ ಬೀಳ್ಕೊಡುಗೆ. ಎದೆ ಉಬ್ಬಿದ್ದೂ ಹೌದು. ಆದರೆ ಮಗಳು ಹುಟ್ಟಿದ ಹನ್ನೊಂದನೇ ದಿನವೇ ಅವಳನ್ನು ಬಿಟ್ಟು ಹೋಗುತ್ತಿರುವವರು ತಾವೇ ಎಂಬ ಮಾತು ಮೂಲೆ ತಿರುಗಿದ ಮೇಲೆ ನೆನಪಾಯಿತು.

ದೊಡ್ಡ ರಸ್ತೆಗೆ ಬಂದಾಗ ಡ್ರೈವರು ಕನ್ನಡಿಯಲ್ಲಿ ಅವರನ್ನೇ ನೋಡುತ್ತಾ ಗಂಟಲು ಸರಿಮಾಡಿಕೊಂಡ.

"ಸಾರ್, ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡೆ. ಆ ಪುಡಿ ಮಾಡೋರು ನೀವೇ ಅಲ್ವಾ?"

"ಹೂಂ."

"ನನ್ನ ಹೆಂಡ್ತಿಗೆ ಈಗ ಎಂಟು ತಿಂಗಳು ಸಾರ್. ನೋಡ್ಕೊಳ್ಳೋಕೆ ಯಾರೂ ಇಲ್ಲ. ಇಪ್ಪತ್ತೊಂಬತ್ತು ದಿನ ಆದ್ಮೇಲೆ ನಿಮ್ಮನ್ನ ವಾಪಸ್ ಕರ್ಕೊಂಡು ಬರೋಕೆ ಅಮ್ಮಾವ್ರು ನನಗೇ ಹೇಳಿದ್ದಾರೆ. ದಾರೀಲೇ ಸಾರ್ ನಮ್ಮನೆ."

ತಕ್ಕಡಿ ಸಾಹೇಬರು ಕನ್ನಡಿಯಿಂದ ಮುಖ ತಿರುಗಿಸಿದರು. ಬಲಗೈಯನ್ನು ಮೆಲ್ಲಗೆ ಕೋಟಿನ ಜೇಬಿನೊಳಗೆ ಇಳಿಸಿಕೊಂಡರು.